ಬೆರಳಲ್ಲಿ ಕೇಳುತ್ತಿದ್ದ ಮೇಷ್ಟ್ರು

ಚಾಮರಾಜನಗರದಿಂದ ಬಂದಿದ್ದ ಹಳೆಯ ಶಿಷ್ಯನೊಬ್ಬ ಕಾಫಿ ಲೋಟ ಕೆಳಗಿಟ್ಟು, "ನಮ್ಮ ಸೈನ್ಸ್ ಮೇಷ್ಟ್ರು ಹೋಗ್ಬುಟ್ರು ಸಾರ್" ಅಂದ. ಅವನು ಹೋದ ಮೇಲೆ ನಮ್ಮ ಮನೆಯ ರೇಡಿಯೋ ಹತ್ತಿರ ಹೋಗಿ, ಅದರ ಮುಂದೆ ದನಿ ಬರುವಲ್ಲಿ ಬಿಗಿದ ಬಟ್ಟೆಯ ಮೇಲೆ ನಾಲ್ಕು ಬೆರಳಿಟ್ಟು ಕಣ್ಣು ಮುಚ್ಚಿ ನಿಂತೆ. ಯಾರೋ ಮಾತಾಡುತ್ತಿದ್ದರು. ನನ್ನ ಬೆರಳಿಗೆ ಬರೀ ಗುಳುಗುಳು ಅಂತು. ಇದರಲ್ಲಿ ಆ ಪುಣ್ಯಾತ್ಮ ಗಂಡಸು ಹೆಂಗಸು ಹೇಗೆ ಬೇರೆ ಮಾಡುತ್ತಿದ್ದರೋ, ನನಗೆ ಈ ಜನ್ಮದಲ್ಲಿ ತಿಳಿಯುವುದಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳ ಮಾತು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ನಾನು ಕನ್ನಡ ಪಂಡಿತ, ಅವರು ವಿಜ್ಞಾನದ ಮೇಷ್ಟ್ರು. ಅವರ ಊರು ಚಾಮರಾಜನಗರ, ವ್ಯಾಪಾರಸ್ಥರ ಮನೆತನ. ಯುದ್ಧದ ಕಾಲದಲ್ಲಿ ಸೈನ್ಯ ಸೇರಿ ಬರ್ಮಾ ಗಡಿಯಲ್ಲಿ ವೈರ್‌ಲೆಸ್ ಕೆಲಸ ಮಾಡಿದವರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಗ ಪಕ್ಕದಲ್ಲೇ ಗುಂಡು ಸಿಡಿದು ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ಬಾಯಿಟ್ಟು ಕೂಗಿದರೆ ಒಂದಿಷ್ಟು ಕೇಳುತ್ತಿತ್ತು. ತಾವು ಎಷ್ಟು ಜೋರಾಗಿ ಮಾತಾಡುತ್ತೇವೆಂಬುದು ಅವರಿಗೆ ಗೊತ್ತಾಗುತ್ತಿರಲಿಲ್ಲವಾದ್ದರಿಂದ, ಅವರು ಪಾಠ ಮಾಡಿದರೆ ಊಟಿ ಬಸ್ಸಿಗೆ ಕಾಯುತ್ತಿದ್ದವರೂ ಆರ್ಕಿಮಿಡೀಸನ ತತ್ತ್ವ ಕಲಿತು ಹೋಗುತ್ತಿದ್ದರು. ಒಮ್ಮೆ ನನ್ನನ್ನು ಮೂಲೆಗೆ ಕರೆದು, "ಪಂಡಿತರೇ, ಇದು ಹೆಡ್ಮಾಸ್ಟರಿಗೆ ಗೊತ್ತಾಗಬಾರದು" ಎಂದು ಗುಟ್ಟು ಹೇಳಿದರು. ಹೆಡ್ಮಾಸ್ಟರು ತಮ್ಮ ರೂಮಿನಿಂದಲೇ, "ಗೊತ್ತಾಯ್ತು ಮೇಷ್ಟ್ರೇ" ಎಂದರು.

ಆದರೆ ಕಿವುಡರೆಂದು ಅವರನ್ನು ಯಾರೂ ಕನಿಕರದಿಂದ ನೋಡುವ ಹಾಗಿರಲಿಲ್ಲ. ನೋಡಿದರೆ ಬೈಯುತ್ತಿದ್ದರು. ಸ್ಕೂಲಿನ ಹಾಲಿನಲ್ಲಿ ಊರವರೆಲ್ಲ ಕೇಳಲೆಂದು ಕೊಟ್ಟಿದ್ದ ದೊಡ್ಡ ರೇಡಿಯೋ ಒಂದಿತ್ತು. ಸಂಜೆ ಜನ ಬಂದು ಚಾಪೆ ಹಾಕಿಕೊಂಡು ಕೂರುವರು. ಅದನ್ನು ನೋಡಿಕೊಳ್ಳುವ ಕೆಲಸ ಈ ಮೇಷ್ಟ್ರದು. ಕಿವಿ ಇಲ್ಲದವರಿಗೆ ರೇಡಿಯೋ ಒಪ್ಪಿಸಿದ್ದಾರಲ್ಲ ಎಂದು ಹೊಸದಾಗಿ ಬಂದ ನಾನೂ ನಕ್ಕಿದ್ದೆ. ಅವರು ನನ್ನನ್ನು ಕರೆದು, ರೇಡಿಯೋ ಮುಂದಿನ ಬಟ್ಟೆಯ ಮೇಲೆ ಬೆರಳಿಟ್ಟು, ಮುಖ ಗೋಡೆಗೆ ತಿರುಗಿಸಿ, "ಈಗ ನೀವು ಗುಂಡಿ ತಿರುಗಿಸ್ತಾ ಹೋಗಿ" ಎಂದರು. ನಾನು ತಿರುಗಿಸಿದೆ. "ಇದು ಗಂಡಸು, ವಾರ್ತೆ ಓದ್ತಿದ್ದಾನೆ. ಇದು ವೀಣೆ. ಇದು ಹೆಂಗಸು. ಇದು ಸ್ಕೂಲಿನ ಹಿಂದಿನ ಗಿರಣಿ ಮೋಟರಿನ ಕರಕರ. ಇದು ಬಸ್ಸು, ಈಗ ಸ್ಟಾರ್ಟ್ ಮಾಡಿದ್ರು." ಕಿಟಕಿಯಲ್ಲಿ ಬಗ್ಗಿ ನೋಡಿದೆ. ಬಸ್ಸು ಹೊಗೆ ಬಿಡುತ್ತಾ ಹೊರಡುತ್ತಿತ್ತು. ಛಂದಸ್ಸು ಬಲ್ಲೆನೆಂದು ಬೀಗುತ್ತಿದ್ದ ನನ್ನ ಎರಡು ಕಿವಿಗಳೂ ಆ ನಾಲ್ಕು ಬೆರಳಿನ ಮುಂದೆ ದಂಡ ಅನ್ನಿಸಿತು.

ಅವರ ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ಯುದ್ಧ ಮುಗಿದ ಮೇಲೆ ಬೆಂಗಳೂರಿನ ಗುಜರಿಯಲ್ಲಿ ಸೈನ್ಯದ ಸಾಮಾನು ರಾಶಿ ಬಿದ್ದಿದ್ದಾಗ ಆರಿಸಿ ತಂದ ಕೇಬಲ್ಲುಗಳು ಅದರ ತುಂಬಾ. ಮಾಮೂಲಿ ಕರೆಂಟಿನ ತಂತಿ ಅಲ್ಲ. ನಟ್ಟನಡುವೆ ಒಂದು ತಾಮ್ರದ ತಂತಿ, ಅದರ ಸುತ್ತ ದಪ್ಪನೆಯ ಕರೆಂಟು ಹಾಯದ ಪದರ, ಅದರ ಸುತ್ತ ಜಡೆಯಂತೆ ಹೆಣೆದ ತಾಮ್ರದ ಬಲೆ, ಮೇಲೆ ಚರ್ಮದಂತೆ ಕಪ್ಪು ರಬ್ಬರು. ಅಡ್ಡಕ್ಕೆ ಕೊಯ್ದರೆ ಬಾಳೆದಿಂಡಿನ ಬಿಲ್ಲೆಯ ಹಾಗೆ ಸುತ್ತಿನೊಳಗೆ ಸುತ್ತು, ಎಲ್ಲಕ್ಕೂ ಒಂದೇ ನಡು. ಇದಕ್ಕೆ ಕೋ-ಆಕ್ಸಿಯಲ್ ಕೇಬಲ್ ಎನ್ನುತ್ತಾರೆ ಎಂದರು. ಪಂಡಿತನಾದ ನಾನು ಸುಮ್ಮನಿರಲಾರದೆ "ಸಮಾಕ್ಷ ತಂತಿ" ಎಂದೆ. "ನಿಮ್ಮ ಕನ್ನಡಕ್ಕಿಂತ ಇಂಗ್ಲಿಷೇ ಮೆತ್ತಗಿದೆ, ಹುಡುಗರ ಹಲ್ಲು ಮುರೀಬೇಡಿ" ಎಂದು ನನ್ನನ್ನು ಅಲ್ಲಿಗೇ ನಿಲ್ಲಿಸಿದರು.

ಹೊರಗಿನ ಬಲೆಯನ್ನು ಕಂಡವರೆಲ್ಲ ಅದು ಒಳಗಿನ ತಂತಿಗೆ ಬಲ ಕೊಡಲಿಕ್ಕೆ ಅಂದುಕೊಳ್ಳುತ್ತಿದ್ದರು. ಅವರು ತಲೆಯಾಡಿಸುವರು. "ಬಲಕ್ಕಲ್ಲ ಪಂಡಿತರೇ. ಹೊರಗಿನ ಗಲಾಟೆ ಎಲ್ಲ ಈ ಬಲೆ ಮೇಲೆ ಬೀಳುತ್ತೆ. ಬಲೇನ ಭೂಮಿಗೆ ಕಟ್ಟಿದ್ರೆ ಗಲಾಟೆ ಭೂಮಿಗೆ ಹೋಗುತ್ತೆ. ಒಳಗಿನ ತಂತಿ ತನ್ನ ಪಾಡಿಗೆ ತಾನು ಮಾತು ತರುತ್ತೆ." ಟ್ರಂಕಿನಲ್ಲಿ ನಾಲ್ಕು ಬಗೆ ಇದ್ದವು. ಒಂದು ತೋರುಬೆರಳಿನಷ್ಟು ದಪ್ಪ, ಒಳಗೆ ಹಾಲುಬಣ್ಣದ ಪ್ಲಾಸ್ಟಿಕ್ಕು, ಎತ್ತರದ ಕಂಬದಿಂದ ರೇಡಿಯೋ ಸೆಟ್ಟಿಗೆ ಇಳಿಸಲು. ಒಂದಕ್ಕೆ ಸೀಸದ ಹೊದಿಕೆ, ಮಣ್ಣಿನಲ್ಲಿ ಹೂಳಲು. ಒಂದು ಸಪೂರ, ಮೈಕಿನವರು ಬಳಸುವಂಥದ್ದು. ನಾಲ್ಕನೆಯದೇ ಅವರ ಪ್ರಾಣ. ಅದರೊಳಗೆ ತಂತಿಗೆ ಮಣಿ ಪೋಣಿಸಿದ್ದರು, ಮಣಿ ಮಣಿಗಳ ನಡುವೆ ಬರೀ ಗಾಳಿ. "ಗಾಳಿಗಿಂತ ಒಳ್ಳೆ ಪದರ ಇಲ್ಲ. ಆದ್ರೆ ಜೋರಾಗಿ ಬಗ್ಗಿಸಿದ್ರೆ ಮಣಿ ಒಡೆಯುತ್ತೆ" ಎಂದು ಅದನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಹೆಂಡತಿ ಒಡವೆಯನ್ನೂ ಅಷ್ಟು ಜೋಪಾನ ಮಾಡಿರಲಿಲ್ಲ ಅನ್ನಿ.

ಒಂದು ಬಗೆಯ ಕೇಬಲ್ಲಿಗೆ ಇನ್ನೊಂದು ಬಗೆಯದನ್ನು ಜೋಡಿಸಬಹುದಾ ಎಂದು ಹುಡುಗನೊಬ್ಬ ಕೇಳಿದ. ಮೇಷ್ಟ್ರು ಕ್ಲಾಸಿನ ನಡುವೆಯೇ ನಕ್ಕರು. "ನಮ್ಮ ಜನಕ್ಕೆ ಒಂದೇ ಗೋತ್ರ ಆದ್ರೆ ಮದುವೆ ಆಗಲ್ಲ. ಕೇಬಲ್ಲಿಗೆ ಒಂದೇ ಗೋತ್ರ ಆದ್ರೇನೇ ಮದುವೆ. ಗೋತ್ರ ಬೇರೆ ಆಯ್ತೋ, ದನಿ ಅನ್ನೋ ನೆಂಟ ಜೋಡಣೆ ಹತ್ರ ನಿಂತು, ಅರ್ಧಕ್ಕರ್ಧ ಹಿಂದಕ್ಕೆ ತಿರುಗಿ ಹೋಗ್ತಾನೆ."

ಎಲ್ಲಿ ಹೋದರೂ ಅವರಿಗೆ ರೇಡಿಯೋ ಕಂಬದ ಧ್ಯಾನ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹುಡುಗರನ್ನು ಕರೆದುಕೊಂಡು ಹೋದಾಗ ಮಂಜಿನಲ್ಲಿ ಎದುರಿನವರ ಮುಖ ಕಾಣುತ್ತಿರಲಿಲ್ಲ. ನಾವೆಲ್ಲ ಗೋವಿಂದಾ ಎನ್ನುತ್ತಿದ್ದರೆ ಇವರು ಗುಡಿಯ ಹಿಂದಿನ ಬಂಡೆಯನ್ನು ತಟ್ಟಿ ತಟ್ಟಿ ನೋಡಿ, "ಇಲ್ಲೊಂದು ಕಂಬ ನೆಟ್ರೆ ಮಲಬಾರು, ಕೊಯಮತ್ತೂರು, ಮೈಸೂರು ಮೂರೂ ಕೇಳುತ್ತೆ!" ಎಂದು ಕೂಗಿದರು. ಅರ್ಚಕರು ಒಳಗಿನಿಂದ, "ಕೇಳೋಕೆ ಇಲ್ಲಿ ಸ್ವಾಮಿ ಇದಾನಲ್ಲ, ಕಂಬ ಯಾಕೆ?" ಎಂದರು. ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದರೆ ವಾದಕ್ಕೆ ನಿಲ್ಲುತ್ತಿದ್ದರು.

ಇಷ್ಟೇ ಆಗಿದ್ದರೆ ತಮಾಷೆಯ ಮನುಷ್ಯ ಎಂದು ನೆನೆದು ಸುಮ್ಮನಾಗುತ್ತಿದ್ದೆ. ಹಂಗಳದ ಅಜ್ಜಿಯ ಪ್ರಸಂಗ ನಡೆಯದೆ ಹೋಗಿದ್ದರೆ ಅವರು ಎಂಥವರೆಂದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಹತ್ತಿರದ ಹಂಗಳವೆಂಬ ಹಳ್ಳಿಯಲ್ಲಿ ಕೂಲಿನಾಲಿ ಮಾಡುವ ಮನೆಯ ಸೊಸೆಯೊಬ್ಬಳು ಪದ ಹೇಳುವುದರಲ್ಲಿ ಗಟ್ಟಿಗಿತ್ತಿ. ಕಳೆ ಕೀಳುವಾಗ, ರಾಗಿ ಬೀಸುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಮೈಸೂರಿನ ರೇಡಿಯೋ ನಿಲಯದವರು ಯಾರೋ ಆ ಕಡೆ ಬಂದವರು ಕೇಳಿ, ಬಂದು ಹಾಡು ಎಂದು ಕರೆದರು. ಊರಿನಲ್ಲಿ ಬಾಯಿಗೊಂದು ಮಾತಾಯಿತು. ಹೆಂಗಸು ಮೈಸೂರಿಗೆ ಹೋಗಿ ಕಂಡವರ ಕಿವಿಗೆ ಹಾಡುವುದಾ, ಅಲ್ಲಿ ಎಂಥ ಹಾಡು ಹಾಡಿಸುತ್ತಾರೋ ಏನೋ, ಎಂದರು. ಗಂಡ ಮೆತ್ತನೆಯವನು. ಮನೆಯಲ್ಲಿ ತೀರ್ಮಾನ ಹೇಳುವವಳು ಅವನ ತಾಯಿ. ಆ ಅಜ್ಜಿ, "ಅವ್ಳು ಓಗ್ಲಿ. ನಾನು ಗುಂಡ್ಲುಪೇಟ್ಗ ಓಗಿ ನನ್ ಕಿವೀಲೇ ಕೇಳ್ತೀನಿ. ಮಾನವಾದ ಪದ ಆದ್ರೆ ಇನ್ನೂ ಓಗ್ಲಿ, ಇಲ್ದಿದ್ರ ಅಲ್ಲಿಗೇ ಸರಿ" ಎಂದಳು. ನಮ್ಮ ಸ್ಕೂಲಿನ ಜವಾನ ಹಂಗಳದವನು, ಅಜ್ಜಿಗೆ ದೂರದ ನೆಂಟ. ಅವನೇ ಅಜ್ಜಿಯನ್ನೂ ಊರಿನ ಒಂದಷ್ಟು ಜನರನ್ನೂ ಕರೆತಂದು ರೇಡಿಯೋ ಮುಂದೆ ಕೂರಿಸಿದ.

ಸೊಸೆ ಮೈಸೂರಿನಲ್ಲಿ ಹಾಡಿದ ಆ ದಿನ ಆದದ್ದು ಹೇಳುವುದೇ ಬೇಡ. ಹಿಂದುಗಡೆ ಗಿರಣಿ ಓಡುತ್ತಿತ್ತು, ಮುಂದುಗಡೆ ಹೊಸದಾಗಿ ಬಂದ ಬೀದಿದೀಪದ ತಂತಿ ಸಿಡಿಗುಟ್ಟುತ್ತಿತ್ತು. ಆ ಸದ್ದೆಲ್ಲ ರೇಡಿಯೋದೊಳಗೆ ಹೊಕ್ಕು, ಮೈಸೂರಿನಿಂದ ಬಂದ ದನಿ ಎಲ್ಲಿ ಮುಳುಗಿತೋ ಕಾಣೆ. ಅಜ್ಜಿ ಕೊನೆಯವರೆಗೆ ಕೂತಿದ್ದು ಎದ್ದಳು.

"ಎಣ್ಣೇಲಿ ಅಪ್ಪಳ ಕರ್ದಂಗ ಕೇಳ್ತು ಕಣಪ್ಪಾ. ನನ್ ಸೊಸ ದನಿ ಎಲ್ಲೂ ಸಿಕ್ನಿಲ್ಲ. ಕೇಳ್ದೆ ಇರೋದ್ನ ಸರಿ ಅಂತ ಊರ್ಗೆ ಎಂಗ್ ಏಳ್ಲಿ? ಇನ್ನು ಅವ್ಳು ಓಗೋದ್ ಬ್ಯಾಡ."

ಮೇಷ್ಟ್ರ ಬೆರಳು ಬಟ್ಟೆಯ ಮೇಲೇ ಇತ್ತು. ಎದ್ದ ಜನರ ಗದ್ದಲದ ನಡುವೆ ಅಜ್ಜಿಯ ಮಾತನ್ನು ನಾನು ಅವರ ಎಡಗಿವಿಗೆ ಕೂಗಿ ಹೇಳಿದೆ. ಅವರ ಮುಖ ಕೆಂಪಾಯಿತು. ಎದ್ದು ಅಜ್ಜಿಯ ಮುಂದೆ ನಿಂತು, "ತಾಯಿ, ಇನ್ನೊಂದು ಸಲ ಕರೆ ಬಂದ್ರೆ ಕಳಿಸು. ನಿನಗೆ ಕೇಳಿಸೋದು ನನ್ನ ಭಾರ. ಆವತ್ತೂ ಕೇಳದಿದ್ರೆ ನಾನು ಈ ರೇಡಿಯೋ ಮುಟ್ಟಲ್ಲ" ಎಂದು ಗುಡುಗಿದರು. ಅಜ್ಜಿ ಬೆಚ್ಚಿ ಜವಾನನನ್ನು ಕೇಳಿದಳು, "ಇದ್ಯಾಕ್ಲಾ ಇಂಗ್ ಬೈತಾರೆ?" "ಬೈಯ್ತಿಲ್ಲ ಕಣಜ್ಜಿ, ಮೇಷ್ಟ್ರಲ್ವಾ, ದನೀನೇ ಅಂಗ" ಅಂದ ಅವನು. ಅಜ್ಜಿ ಒಪ್ಪಿ ಹೋದಳು, ಒಂದೇ ಒಂದು ಸಲಕ್ಕೆ ಎಂದು ಬೆರಳೆತ್ತಿ ತೋರಿಸಿ.

ಗಿರಣಿಯ ಯಜಮಾನ ಒಳ್ಳೆಯವನು. ಹಾಡು ಬರುವ ಹೊತ್ತಿಗೆ ಮೋಟರು ನಿಲ್ಲಿಸುತ್ತೇನೆಂದ. ಮೇಷ್ಟ್ರು ಒಪ್ಪಲಿಲ್ಲ. "ಆ ಹೆಣ್ಣುಮಗಳು ಇನ್ನು ಹಾಡ್ತಾನೇ ಇರ್ತಾಳೆ. ನೀನು ನಿಲ್ಲಿಸ್ತಾನೇ ಇರ್ತೀಯಾ? ನೀನು ನಿಲ್ಲಿಸಿದ್ರೂ ಬೀದಿದೀಪದ ತಂತಿ ನಿಲ್ಲಿಸುತ್ತಾ?" ಎಂದರು. ಕರೆಂಟನ್ನೇ ಕಡಿಸಿದರೆ ಹೇಗೆ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. "ಕಡಿಸಿ. ಆಮೇಲೆ ರೇಡಿಯೋನ ಹರಳೆಣ್ಣೆ ಹಾಕಿ ಉರಿಸಿ" ಎಂದರು.

ಮಾರನೆಯ ದಿನದಿಂದ ಶುರುವಾಯಿತು. ಬಂಡೀಪುರದ ಕಡೆಯಿಂದ ಎತ್ತರದ ಬಿದಿರು ತರಿಸಿದರು. ಗಲಾಟೆಯೆಲ್ಲ ನೆಲದ ಹತ್ತಿರ, ಮೇಲೆ ಹೋದಷ್ಟೂ ಕಡಿಮೆ, ಆದ್ದರಿಂದ ಮೇಲೆ ಹಿಡಿದು ಕೇಬಲ್ಲಿನೊಳಗೆ ಇಳಿಸಬೇಕು ಎಂಬುದು ಅವರ ಲೆಕ್ಕ. ಬಿದಿರಿನ ತುದಿಗೆ ತಂತಿ ಕಟ್ಟಿ, ದಪ್ಪನೆಯ ಕೇಬಲ್ಲನ್ನು ಹಾಲಿನವರೆಗೆ ಇಳಿಸಿದರು. ಬಲೆಯನ್ನು ಭೂಮಿಗೆ ಕಟ್ಟಲು ಗುಂಡಿ ತೋಡಿ, ತಮ್ಮ ಮನೆಯ ಬಚ್ಚಲಿನ ತೂತುಬಿದ್ದ ತಾಮ್ರದ ಹಂಡೆಯನ್ನೇ ಅದರಲ್ಲಿ ಹೂತು, ಸುತ್ತ ಇದ್ದಿಲು ಉಪ್ಪು ತುಂಬಿಸಿದರು. ದಿನಾ ಬೆಳಿಗ್ಗೆ ಅದಕ್ಕೆ ನೀರು ಹೊಯ್ಯುವುದು ಜವಾನನ ಕೆಲಸವಾಯಿತು.

ಎಲ್ಲ ಆದ ಮೇಲೆ ರೇಡಿಯೋ ಗುಂಡಿ ತಿರುಗಿಸಿದರು. ಕರಕರ ಪೂರ್ತಿ ಮಾಯ. ನಾನು ಚಪ್ಪಾಳೆ ತಟ್ಟಬೇಕೆನ್ನುವಷ್ಟರಲ್ಲಿ ಗೊತ್ತಾಯಿತು, ಮೈಸೂರೂ ಮಾಯವಾಗಿತ್ತು! ಮೇಷ್ಟ್ರು ಬಟ್ಟೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ನೋಡಿ, "ಉದ್ದನೆ ಒಣಕಾಲುವೆಗೆ ಒಂದು ಬಿಂದಿಗೆ ನೀರು ಬಿಟ್ರೆ ಗದ್ದೆ ಸೇರುತ್ತಾ? ದಾರೀಲೇ ಕುಡಿದುಬಿಡುತ್ತೆ. ಕೇಬಲ್ಲೇ ಕುಡಿದಿದೆ" ಎಂದರು. ಅದಕ್ಕೆ ಮದ್ದು ಕಂಬದ ತುದಿಯಲ್ಲಿ ಒಂದು ಸುರುಳಿ, ತೆಳುವಾದ ತಂತಿಯನ್ನು ಲೆಕ್ಕವಾಗಿ ಸುತ್ತಿದ್ದು. ಎಷ್ಟು ಸುತ್ತು ಎಂಬುದು ಅವರಿಗೂ ಗೊತ್ತಿರಲಿಲ್ಲ. ಸುತ್ತುವುದು, ಕಂಬ ಹತ್ತುವುದು, ಇಳಿದು ಬಟ್ಟೆ ಮುಟ್ಟಿ ನೋಡುವುದು, ಮತ್ತೆ ಬಿಚ್ಚುವುದು. ಪಂಚೆ ಎತ್ತಿ ಕಟ್ಟಿ ಏಣಿಯ ತುದಿಯಲ್ಲಿ ಆಡುತ್ತಿದ್ದ ಆ ಮನುಷ್ಯನನ್ನು ನೋಡಿ ಬೀದಿಯವರು ನಗುತ್ತಿದ್ದರು. ತಮಗೆ ಕೇಳಿಸದ ಹಾಡಿಗೆ ಇಷ್ಟು ಒದ್ದಾಟ ಯಾಕೆ ಎಂದು ನಾನು ಕೇಳಿಯೇಬಿಟ್ಟೆ. "ಕೇಳೋರು ಬೇರೆ ಇದ್ದಾರಲ್ಲ" ಎಂದು ಮತ್ತೆ ಏಣಿ ಹತ್ತಿದರು. ಕೊನೆಗೊಂದು ಸಂಜೆ ಸುರುಳಿ ಕೂಡಿಬಂತು. ಅದನ್ನು ಕಾಯಿಕರಟದಲ್ಲಿಟ್ಟು ಕಾಡಿನಿಂದ ಬಂದ ಜೇನುಮೇಣ ತುಂಬಿ ಮಳೆಗೆ ಭದ್ರ ಮಾಡಿದರು. ಮೈಸೂರು ಪಕ್ಕದ ಮನೆಯಷ್ಟು ಹತ್ತಿರವಾಯಿತು.

ಸೊಸೆಗೆ ಮತ್ತೆ ಕರೆ ಬಂತು. ಗಂಡನ ಜೊತೆ ಹಿಂದಿನ ದಿನವೇ ಮೈಸೂರಿಗೆ ಹೋದಳು. ಹಾಡು ಬರುವ ದಿನ ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ ಜವಾನ ಓಡುತ್ತಾ ಬಂದ. "ಗುಂಡಿ ಬಗ್ದಾಕ್ಬುಟ್ಟವ್ರೆ ಸ್ವಾಮಿ!"

ಹೋಗಿ ನೋಡಿದರೆ ಇದ್ದಿಲು ಚೆಲ್ಲಾಪಿಲ್ಲಿ, ಹಂಡೆ ಇಲ್ಲ, ಕಟ್ಟಿದ್ದ ತಂತಿಯೂ ಇಲ್ಲ. ಊರಲ್ಲಿ ಮಾತು ಹೇಗೆ ಬೆಳೆದಿತ್ತೆಂದು ಆಗ ತಿಳಿಯಿತು. ಮೇಷ್ಟ್ರು ನೆಲದಲ್ಲಿ ತಾಮ್ರದ ಪಾತ್ರೆ ಹೂತಿದ್ದಾರೆ, ಉಪ್ಪು ಇದ್ದಿಲು ಹಾಕಿ ದಿನಾ ನೀರೆರೆಸುತ್ತಿದ್ದಾರೆ, ಅಂದರೆ ನಿಧಿ ಸಿಕ್ಕಿದೆ, ಅದನ್ನು ಮಂತ್ರದಿಂದ ಕಟ್ಟುಹಾಕಿದ್ದಾರೆ! ಯಾರೋ ನಿಧಿಯ ಆಸೆಗೆ ಬಗೆದು, ತೂತು ಹಂಡೆ ಹೊತ್ತುಕೊಂಡು ಹೋಗಿದ್ದರು. ರೇಡಿಯೋ ಹಾಕಿದೆವು. ಅಪ್ಪಳ ಕರಿಯುವ ಸದ್ದು ಮತ್ತೆ ಶುರುವಾಯಿತು.

ಅಷ್ಟು ಹೊತ್ತಿಗೆ ಅಜ್ಜಿ ಹಂಗಳದ ಜನರೊಡನೆ ಬಂದಿಳಿದಳು. ಗಾಬರಿಯಲ್ಲಿ ನಾನು, ಮೇಷ್ಟ್ರು ಏನಾದರೂ ಅನ್ನಲಿ, ಗಿರಣಿಯನ್ನಾದರೂ ನಿಲ್ಲಿಸೋಣ, ಅಷ್ಟಾದರೂ ಕಡಿಮೆಯಾಗುತ್ತದೆ ಎಂದು ಹೊರಟೆ. ತಡೆದವಳು ಅಜ್ಜಿ.

"ಬ್ಯಾಡಿ ಸ್ವಾಮಿ. ರಾಗಿ ಒತ್ಕಂಡು ನಮ್ಮೂರೋರೇ ಅಲ್ಲಿ ನಿಂತವ್ರೆ. ಇಟ್ಟಿಲ್ದೆ ಮನ್ಗೆ ಓದ್ರೆ ಮಕ್ಳು ಏನುಣ್ತವೆ? ನನ್ ಸೊಸ ಪದುಕ್ಕ ಅವ್ರ ಒಲೆ ಆರ್ಸಾದಾ?"

ಮೇಷ್ಟ್ರಿಗೆ ಇದೊಂದೂ ಕೇಳಿಸಿರಲಿಲ್ಲ. ಅವರು ಖಾಲಿ ಗುಂಡಿಯ ಪಕ್ಕದಲ್ಲಿ ನಿಂತು ಸ್ಕೂಲಿನ ಬಾವಿಯ ಕಡೆ ನೋಡುತ್ತಿದ್ದರು. ತಟ್ಟನೆ ಮನೆಗೆ ಓಡಿದರು. ಬಂದಾಗ ಕೈಯಲ್ಲಿ ಅದೇ ಮಣಿ ಪೋಣಿಸಿದ ಕೇಬಲ್ಲು ಇತ್ತು, ಟ್ರಂಕಿನಲ್ಲಿ ಸಾಕಷ್ಟು ಉದ್ದ ಉಳಿದಿದ್ದದ್ದು ಅದೊಂದೇ. ಜಗಲಿಯ ಮೇಲೆ ಕೂತು ಕತ್ತಿಯಿಂದ ಅದರ ಉದ್ದಕ್ಕೂ ಸೀಳಿದರು. ಕಪ್ಪು ಚರ್ಮ ಹರಿಯಿತು. ತಾಮ್ರದ ಬಲೆಯನ್ನು ಹಾವಿನ ಪೊರೆ ಬಿಡಿಸುವ ಹಾಗೆ ಎಳೆದು ತೆಗೆದರು. ಒಳಗಿನ ಮಣಿಗಳು ಪಟಪಟ ಒಡೆದು ಜಗಲಿ ತುಂಬಾ ಉರುಳಿದವು. ಅವರು ತಿರುಗಿಯೂ ನೋಡಲಿಲ್ಲ. ಹಂಡೆ ಹೋದರೂ ಬಾವಿಯ ನೀರು ಗಲಾಟೆಯನ್ನು ಭೂಮಿಗೆ ಒಯ್ಯುತ್ತದೆಂಬುದು ಅವರ ಲೆಕ್ಕ. ಆ ಬಲೆ ಹಾಲಿನಿಂದ ಬಾವಿಯ ನೀರಿನವರೆಗೆ ಮುಟ್ಟುವಷ್ಟು ಉದ್ದವಾಯಿತು.

"ತಾಮ್ರ! ತುದಿಗೆ ಕಟ್ಟೋಕೆ ತಾಮ್ರದ್ದು ಏನಾದ್ರೂ ಕೊಡಿ!" ಎಂದು ಕೂಗಿದರು. ಸ್ಕೂಲಿನಲ್ಲಿ ಇದ್ದದ್ದು ಮಣ್ಣಿನ ಹರವಿ, ತಗಡಿನ ಡಬ್ಬ. ಅಜ್ಜಿ ತನ್ನ ಗಂಟು ಬಿಚ್ಚಿ, ದಾರಿಗೆಂದು ನೀರು ತಂದಿದ್ದ ತಾಮ್ರದ ತಂಬಿಗೆ ತೆಗೆದಳು. ಉಳಿದಿದ್ದ ನೀರನ್ನು ಗಟಗಟ ಕುಡಿದು, "ತಕ್ಕೊ ಮಗಾ" ಎಂದು ಕೊಟ್ಟಳು. ಮೇಷ್ಟ್ರು ಬಲೆಯ ಒಂದು ತುದಿಯನ್ನು ಹಾಲಿನ ಕೇಬಲ್ಲಿನ ಬಲೆಗೆ ಸೇರಿಸಿ, ತಂಬಿಗೆಯನ್ನು ಹುಣಸೆಹಣ್ಣಿನಿಂದ ಉಜ್ಜಿ, ಅದರ ಕಂಠಕ್ಕೆ ಇನ್ನೊಂದು ತುದಿ ಬಿಗಿದು, ಬಾವಿಗಿಳಿಸಿದರು. ಗುಳುಕ್ ಎಂದು ಮುಳುಗಿತು.

ಒಳಗಿನಿಂದ ಜನ "ಕರಕರ ನಿಂತೋಯ್ತು! ನಿಂತೋಯ್ತು!" ಎಂದು ಕೂಗಿದರು. ಗಿರಣಿ ಓಡುತ್ತಲೇ ಇತ್ತು. ರೇಡಿಯೋ ಮಾತ್ರ ತೊಳೆದಿಟ್ಟ ಹಾಗೆ ಇತ್ತು. ಹಂಗಳದ ಹೆಸರು ಹೇಳಿದರು, ಸೊಸೆಯ ಹೆಸರು ಹೇಳಿದರು, ಆಮೇಲೆ ಅವಳ ದನಿ ಬಂತು. ಪದದ ನಡುವೆ ಅವಳು ಉಸಿರು ಎಳೆದುಕೊಂಡದ್ದು ಕೂಡ ಕೇಳಿತು. ಅಜ್ಜಿ ಸೆರಗು ಬಾಯಿಗೆ ಹಿಡಿದು ಕದಲದೆ ಕೂತಿದ್ದಳು. ಮೇಷ್ಟ್ರು ಬಟ್ಟೆಯ ಮೇಲೆ ಬೆರಳಿಟ್ಟು ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ಪದ ಮುಗಿಯಿತು. ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಸೆರಗು ಇಳಿಸಿದಳು.

"ಒಂದ್ ನುಡಿ ಬುಟ್ಬುಟ್ಲು."

ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನೇ ಕಲ್ಸಿದ್ ಪದ. ಮಳೆ ಕರ್ಯೋ ನುಡೀನೇ ಬುಟ್ಬುಟ್ಲು ಮುಂಡೇದು. ಒಬ್ಳೇ ಕಳ್ಸುದ್ರೆ ಇಂಗೇ ಆಗೋದು. ಮುಂದ್ಲ ಸಾರಿ ನಾನೂ ಜತೇಲಿ ಓಯ್ತೀನಿ."

ಹಾಲೆಲ್ಲ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನನ್ನ ತೋಳು ಹಿಡಿದು, "ಏನಂತೆ? ಏನಂತೆ?" ಎಂದರು. ನಾನು ಅವರ ಎಡಗಿವಿಗೆ ಕೂಗಿ ಹೇಳಿದೆ. ಅವರು ಅಲ್ಲೇ ಚಾಪೆಯ ಮೇಲೆ ಕುಸಿದು ಕೂತರು. "ಹೆಂಗಸು ಹಾಡ್ತಿದ್ದಾಳೆ ಅಂತ ಬೆರಳಿಗೆ ಗೊತ್ತಾಯ್ತು ಪಂಡಿತರೇ. ಏನು ಹಾಡಿದಳು ಅಂತ ಗೊತ್ತಾಗಲಿಲ್ಲ" ಎಂದರು.

ಅಜ್ಜಿ ಜವಾನನ ಮುಖ ನೋಡಿದಳು. "ಏನ್ಲಾ, ಈ ಮೇಷ್ಟ್ರುಗೇ ಕೇಳಾಕಿಲ್ವಾ?"

"ಇಲ್ಲ ಕಣಜ್ಜಿ. ಯುದ್ದದಲ್ಲಿ ಓಯ್ತಂತೆ."

ಅಜ್ಜಿ ಎದ್ದು ಬಂದು ಮೇಷ್ಟ್ರ ಎಡಗಡೆ ಕೂತಳು. ಅವರ ತಲೆಯ ರುಮಾಲನ್ನು ಕಿವಿಯಿಂದ ಮೇಲಕ್ಕೆ ಸರಿಸಿದಳು. ಕಿವಿಗೆ ಬಾಯಿಟ್ಟು, ಸೊಸೆ ಬಿಟ್ಟಿದ್ದ ಆ ನುಡಿಯ ಸಾಲುಗಳನ್ನು ಹೊಲದ ಆ ಬದುವಿನಿಂದ ಈ ಬದುವಿಗೆ ಕರೆಯುವವರ ಹಾಗೆ ಎತ್ತಿ ಹೇಳಿದಳು. ಮೇಷ್ಟ್ರ ಕಣ್ಣಿನಿಂದ ನೀರು ಇಳಿದು ಮೀಸೆ ನೆನೆಯಿತು. ಒರೆಸಿಕೊಳ್ಳಲಿಲ್ಲ. ನಾನೂ ಅತ್ತೆ, ಅದರಲ್ಲಿ ನಾಚಿಕೆಯೇನೂ ಇಲ್ಲ.

"ಇನ್ನೊಂದು ಸಲ ಹೇಳು ತಾಯಿ" ಎಂದರು ಅವರು.

ಹೊರಗೆ ಹಂಗಳದ ಕಡೆಯ ಕೊನೆಯ ಬಸ್ಸು ಹಾರನ್ ಹೊಡೆಯಿತು. ಜನ ಎದ್ದು ಗಂಟುಮೂಟೆ ಹುಡುಕತೊಡಗಿದರು. ಅಜ್ಜಿ ಮೇಷ್ಟ್ರ ಕಿವಿಯಿಂದ ಬಾಯಿ ತೆಗೆದು ಜವಾನನನ್ನು ಗದರಿದಳು.

"ಓಗ್ಲಾ, ಬಸ್ನೋನ್ಗೆ ಇರಾಕ್ ಏಳು. ಮೇಷ್ಟ್ರು ಇನ್ನೂ ಕೇಳ್ತಾವ್ರೆ."